17ನೇ ವಯಸ್ಸಿನಲ್ಲಿ ಸೈಟಿನ ಮೇಲೆ ದುಡ್ಡು ಹಾಕಬಹುದೇ?

ನೀವು ಕೇಳಿರುವುದು ಇಷ್ಟು: ವಯಸ್ಸು 17, ಎರಡನೇ ಪಿಯುಸಿ, ಕೈಯಲ್ಲಿ 60,000 ರೂಪಾಯಿ ಉಳಿತಾಯ. ಊರಾಚೆ ಲೇಔಟ್ ಮಾಡುತ್ತಿರುವವರು "ತಿಂಗಳಿಗೆ 8,000 ಕಂತು ಕಟ್ಟಿ, 20×30 ಸೈಟು ನಿಮ್ಮದಾಗುತ್ತೆ" ಅನ್ನುತ್ತಿದ್ದಾರೆ. ಸೇರಬಹುದೇ, ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು?

ಆ ಕಂತಿಗೆ ಸೇರಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು (ಮೈನರ್) ಕರಾರಿಗೆ ಅರ್ಹರಲ್ಲ. ಮೈನರ್ ಮಾಡಿಕೊಂಡ ಕರಾರು ಹುಟ್ಟಿನಿಂದಲೇ ಶೂನ್ಯ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿದ್ದು ಇಂದಿಗೂ ಚಾಲ್ತಿಯಲ್ಲಿದೆ. ಅಂದರೆ ನಿಮ್ಮ ಹೆಸರಿನ ಅಗ್ರಿಮೆಂಟ್ ಹಿಡಿದು "ಸೈಟು ರಿಜಿಸ್ಟರ್ ಮಾಡಿಕೊಡಿ" ಎಂದು ನೀವು ಒತ್ತಾಯಿಸಲಾಗದು. ತಂದೆಯ ಹೆಸರಲ್ಲಿ ಸೇರುವುದಾದರೂ ಮೊದಲು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ನಂಬರ್ ಕೇಳಿ. 500 ಚದರ ಮೀಟರ್‌ಗಿಂತ ದೊಡ್ಡದಾದ ಲೇಔಟ್ ನೋಂದಣಿ ಆಗದೆ ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತೆಯೂ ಇಲ್ಲ. ಕಂತಿನ ಸ್ಕೀಮುಗಳಲ್ಲಿ ಸಾಮಾನ್ಯವಾಗಿ ಎಡವುವುದು ಇಲ್ಲೇ: ಜಮೀನು ಇನ್ನೂ ಕೃಷಿ ಭೂಮಿಯಾಗಿಯೇ ಇರುತ್ತದೆ, "ಕನ್ವರ್ಷನ್ ಆಗ್ತಾ ಇದೆ" (ಕೃಷಿಯೇತರ ಬಳಕೆಗೆ ಬದಲಾವಣೆ) ಎಂಬ ಮಾತಿನ ಮೇಲೆ ರಸೀದಿ ಹರಿಯುತ್ತಾರೆ. ಆಗ್ತಾ ಇದೆ ಅಂದರೆ ಆಗಿಲ್ಲ ಎಂದೇ ತಿಳಿಯಿರಿ.

"ಅಪ್ಪನೇ ನನ್ನ ಹೆಸರಿಗೆ ಕೊಂಡರೆ?" ಎಂಬ ಪ್ರಶ್ನೆ ಬರಬಹುದು. ಕೊಳ್ಳಬಹುದು. ಪೋಷಕರಾಗಿ ತಂದೆ ಸಹಿ ಹಾಕಿ ಮೈನರ್ ಹೆಸರಿಗೆ ಕ್ರಯ ಮಾಡಿಸಬಹುದು. ಆದರೆ ನಿಮ್ಮ ಸ್ವಂತ ಹೆಸರಿಗೆ ಬಂದ ಸ್ವತ್ತನ್ನು 18 ತುಂಬುವ ಮೊದಲು ಮಾರಲು ಅಥವಾ ಅಡ ಇಡಲು ಹಿಂದೂ ಕುಟುಂಬದಲ್ಲಿ 1956ರ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋರ್ಟಿನ ಅನುಮತಿ ಬೇಕು. ಬಾಡಿಗೆ ಬಂದರೆ ಅದು ತೆರಿಗೆ ಲೆಕ್ಕದಲ್ಲಿ ತಂದೆತಾಯಿಯಲ್ಲಿ ಹೆಚ್ಚು ಆದಾಯ ಇರುವವರಿಗೇ ಸೇರುತ್ತದೆ. ಹಾಗಾಗಿ ನಿಮ್ಮ ಹೆಸರಿಗೆ ಮಾಡಿಸುವುದರಿಂದ ತೆರಿಗೆ ಉಳಿಯುವುದಿಲ್ಲ, ತುರ್ತಿಗೆ ದುಡ್ಡೂ ಮಾಡಿಕೊಳ್ಳಲಾಗದು. ಇನ್ನು ದೂರದ ನೆಂಟರು ತಮ್ಮ ದುಡ್ಡು ಹಾಕಿ "ಹೆಸರು ಮಾತ್ರ ನಿನ್ನದಿರಲಿ" ಅಂದರೆ ಖಂಡಿತ ಒಪ್ಪಬೇಡಿ. ಅದು ಬೇನಾಮಿ ವ್ಯವಹಾರ. ಸ್ವತ್ತು ಜಪ್ತಿಯಾಗುತ್ತದೆ, ಕೇಸಿನಲ್ಲಿ ನಿಮ್ಮ ಹೆಸರೂ ಬರುತ್ತದೆ.

ಕೊಳ್ಳಲು ಆಗದಿದ್ದರೂ ಕಾಗದ ಓದುವುದನ್ನು ಈ ಒಂದು ವರ್ಷದಲ್ಲಿ ಕಲಿಯಬಹುದು. ಕರ್ನಾಟಕದಲ್ಲಿ ಜನ ನೆಲದ ಮೇಲೆ ಹಾಕಿದ ದುಡ್ಡು ಕಳೆದುಕೊಳ್ಳುವುದು ಬೆಲೆ ಬಿದ್ದು ಅಲ್ಲ, ಕಾಗದ ಕೆಟ್ಟು. ಹಾಗಾಗಿ ನಿಮ್ಮ ಮನೆಯದೋ ಅಜ್ಜನ ಜಮೀನಿನದೋ ಒಂದು ಸರ್ವೆ ನಂಬರ್ ಹಿಡಿದು ಅಭ್ಯಾಸ ಶುರು ಮಾಡಿ.

ಮೊದಲು ಭೂಮಿ ವೆಬ್‌ಸೈಟಿನಲ್ಲಿ ಪಹಣಿ (ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ) ನೋಡಿ. ಮಾಲೀಕರ ಹೆಸರು 9ನೇ ಕಾಲಂನಲ್ಲಿ, ಸಾಲ ಮತ್ತು ಋಣಗಳು 11ನೇ ಕಾಲಂನಲ್ಲಿ ಇರುತ್ತವೆ. ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಎಷ್ಟಿದೆ ನೋಡಿ. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ನೆಲ, ಅದನ್ನು ಸೇರಿಸಿ ಅಳೆದು ಮಾರುವವರಿದ್ದಾರೆ. ಆಮೇಲೆ ಮ್ಯುಟೇಷನ್ (ಹೆಸರು ಬದಲಾವಣೆ) ದಾಖಲೆ ತೆಗೆದು, ಆ ಹೆಸರು ಅಲ್ಲಿಗೆ ಕ್ರಯದಿಂದ ಬಂತೋ, ಪೌತಿಯಿಂದಲೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ), ವಿಭಾಗದಿಂದಲೋ ಎಂದು ಪತ್ತೆ ಮಾಡಿ. ಸರ್ವೆ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಹಿಡಿದು ಜಾಗದಲ್ಲೇ ನಿಂತು ಸರ್ವೆ ನಂಬರ್ ತಾಳೆ ನೋಡಿ. ತೋರಿಸುವ ಜಾಗ ಒಂದು, ಕಾಗದದ ಜಾಗ ಇನ್ನೊಂದು ಆಗಿರುವುದು ಅಲ್ಲೇ ಗೊತ್ತಾಗುತ್ತದೆ.

ನಂತರ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ನೋಡುತ್ತಾರೆ. ಇಸಿ ಖಾಲಿ ಇದ್ದರೆ ಸ್ವತ್ತು ಶುದ್ಧ ಎಂದಲ್ಲ. ರಿಜಿಸ್ಟರ್ ಆಗದ ಅಗ್ರಿಮೆಂಟು, ಬಾಯಿಮಾತಿನ ಪಾಲು, ನೋಂದಾಯಿಸದ ಉಯಿಲು ಅದರಲ್ಲಿ ಕಾಣುವುದಿಲ್ಲ. ಕೋರ್ಟಿನ ದಾವೆಯೂ ಸಾಮಾನ್ಯವಾಗಿ ಕಾಣದು, ಅದನ್ನು ಇ-ಕೋರ್ಟ್ಸ್ ತಾಣದಲ್ಲಿ ಮಾಲೀಕರ ಹೆಸರು ಹಾಕಿ ಬೇರೆಯೇ ಹುಡುಕಬೇಕು.

ವಂಶವೃಕ್ಷವನ್ನು ಬಹಳ ಜನ ಕಡೆಗಣಿಸುತ್ತಾರೆ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ತಿದ್ದುಪಡಿ ಮಾಡಿವೆ. ಮದುವೆಯಾಗಿ ಹೋದ ಅಕ್ಕನ ಸಹಿ ಇಲ್ಲದ ಕ್ರಯಪತ್ರ ವರ್ಷಗಳ ಮೇಲೆ ವಿಭಾಗದ ದಾವೆಯಾಗಿ ಎದುರು ಬರುತ್ತದೆ. ಇನ್ನೊಂದು ಅಪಾಯ ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಕ್ರಯವೇ ನಿಲ್ಲದು, ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲದವರಿಗೆ ಹಿಂದಿರುಗಬಹುದು.

ಸೈಟಾದರೆ ಕನ್ವರ್ಷನ್ ಆದೇಶ, ಅನುಮೋದಿತ ಲೇಔಟ್ ನಕ್ಷೆ, ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಸ್ವತ್ತಿನ ದಾಖಲೆ) ಮೂರೂ ಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಪಂಚಾಯಿತಿ ಸ್ವತ್ತಿನ ದಾಖಲೆ ಕೊಡುವ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಕೇಳಿ. ಬರೀ ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ "ಕ್ರಯ" ಅಂದರೆ ಅದು ಒಡೆತನ ಅಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ರಜೆಯಲ್ಲಿ ಎರಡು ತಿಂಗಳು ಒಬ್ಬ ಪತ್ರಬರಹಗಾರರ ಬಳಿ ಕೂತರೆ ಇದೆಲ್ಲ ಕೈಗೆ ಹತ್ತುತ್ತದೆ. ಸಂಬಳ ಕೊಡದಿದ್ದರೂ ಹೋಗಿ.

ಈಗ ಲೆಕ್ಕ. ನಗರದಲ್ಲಿ 30 ಲಕ್ಷದ ಸೈಟು ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು 7.6, ಅಂದರೆ 2.28 ಲಕ್ಷ, ಇದು ಕೈಯಿಂದಲೇ ಹೋಗಬೇಕು. ಬ್ಯಾಂಕು ಶೇ. 75 ಸಾಲ ಕೊಟ್ಟರೆ ನಿಮ್ಮ ಪಾಲು 7.5 ಲಕ್ಷ. ಎರಡೂ ಸೇರಿ ಸುಮಾರು 9.8 ಲಕ್ಷ. ಉಳಿದ 22.5 ಲಕ್ಷಕ್ಕೆ ಶೇ. 8.5ರಂತೆ 15 ವರ್ಷ ತಿಂಗಳಿಗೆ ಹತ್ತಿರ ಹತ್ತಿರ 22,150 ಕಂತು. ಸೈಟಿಗೆ ಬಾಡಿಗೆ ಬರುವುದಿಲ್ಲ, ಹಾಗಾಗಿ ಅಷ್ಟೂ ಸಂಬಳದಿಂದಲೇ ಹೋಗುತ್ತದೆ. ಇದನ್ನು ನೋಡಿದರೆ ಮೊದಲ ಖರೀದಿ ಕೆಲಸಕ್ಕೆ ಸೇರಿದ ಎರಡು ಮೂರು ವರ್ಷದ ಮೇಲೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬ್ಯಾಂಕುಗಳೂ ಸಂಬಳದ ದಾಖಲೆ ಇಲ್ಲದೆ ಮಾತಾಡುವುದಿಲ್ಲ.

60,000ವನ್ನು ಹೀಗೆ ಹಂಚಿ: 40,000 ನಿಮ್ಮ ಹೆಸರಿನ ಎಫ್‌ಡಿಯಲ್ಲಿ, ಉಳಿದ 20,000 ರೀಟ್ ಯೂನಿಟ್‌ಗಳಿಗೆ. ರೀಟ್ ಎಂದರೆ ಬಾಡಿಗೆ ಬರುವ ಕಚೇರಿ ಕಟ್ಟಡ, ಮಾಲ್‌ಗಳ ಟ್ರಸ್ಟು, ಷೇರು ಪೇಟೆಯಲ್ಲೇ ಅದರ ಯೂನಿಟ್ ಮಾರಾಟವಾಗುತ್ತದೆ. ಭಾರತದ ಮೊದಲನೆಯದು ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಪಟ್ಟಿಯಾಯಿತು. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್, ನೆಕ್ಸಸ್ ಬಂದವು. ಹಂಚಬಹುದಾದ ನಗದಿನಲ್ಲಿ ಶೇ. 90ನ್ನು ಯೂನಿಟ್‌ದಾರರಿಗೆ ಕೊಡಲೇಬೇಕು. 2021ರಿಂದ ಒಂದೇ ಯೂನಿಟ್ ಕೂಡ ಕೊಳ್ಳಬಹುದು, ಬೆಲೆ ಕೆಲವು ನೂರು ರೂಪಾಯಿ. ಕಚೇರಿ ಖಾಲಿ ಬಿದ್ದರೆ ಅಥವಾ ಬಡ್ಡಿ ದರ ಏರಿದರೆ ಬೆಲೆ ಇಳಿಯುತ್ತದೆ, ಅದಕ್ಕೇ ಪೂರ್ತಿ ದುಡ್ಡು ಹಾಕಬೇಡಿ. ಷೇರು, ಯೂನಿಟ್ ಇಡುವ ಡಿಮ್ಯಾಟ್ ಖಾತೆಯನ್ನು ಮೈನರ್ ಹೆಸರಲ್ಲಿ ಪೋಷಕರ ಜೊತೆ ತೆರೆಯಬಹುದು, ಆದರೆ ಅದರಲ್ಲಿ ನೇರವಾಗಿ ಕೊಳ್ಳಲು ಕಟ್ಟುಪಾಡುಗಳಿವೆ. ತಂದೆ ಅಥವಾ ತಾಯಿ ತಮ್ಮ ಖಾತೆಯಲ್ಲಿ ಕೊಂಡು ನಿಮಗೆ ಗಿಫ್ಟ್ ಆಗಿ ವರ್ಗಾಯಿಸುವುದು ಸುಲಭದ ದಾರಿ. ಮೂರು ತಿಂಗಳಿಗೊಮ್ಮೆ ಬರುವ ರೀಟ್ ವರದಿಯಲ್ಲಿ ಎಷ್ಟು ಜಾಗ ಬಾಡಿಗೆಗೆ ಹೋಗಿದೆ, ಬಾಡಿಗೆ ಒಪ್ಪಂದ ಇನ್ನೂ ಎಷ್ಟು ವರ್ಷ ಇದೆ, ಸಾಲ ಎಷ್ಟು ಎಂಬ ಮೂರು ಅಂಕಿ ಬರೆದಿಟ್ಟುಕೊಳ್ಳಿ.

18 ತುಂಬಿದ ತಿಂಗಳೇ ಪ್ಯಾನ್ ಕಾರ್ಡಿಗೆ ಫೋಟೊ ಮತ್ತು ಸಹಿ ಸೇರಿಸಲು ಅರ್ಜಿ ಹಾಕಿ, ಮೈನರ್ ಕಾರ್ಡಿನಲ್ಲಿ ಅವು ಇರುವುದಿಲ್ಲ. ಬ್ಯಾಂಕ್, ಡಿಮ್ಯಾಟ್ ಎರಡಕ್ಕೂ ಹೊಸದಾಗಿ ಕೆವೈಸಿ ಮಾಡಿಸಿ. ಅಂದಿನಿಂದ ನಿಮ್ಮ ಸಹಿಗೆ ಬೆಲೆ ಇದೆ, ಹಾಗಾಗಿ ಯಾವ ಸೈಟಿಗೂ 20,000 ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಕೊಡಬೇಡಿ. ಹಾಗೆ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಅಷ್ಟೇ ಮೊತ್ತದ ದಂಡವಿದೆ. ಬ್ಯಾಂಕ್ ಮೂಲಕ ಕೊಟ್ಟು, ಆ ವ್ಯವಹಾರದ ಸಂಖ್ಯೆಯನ್ನು ಅಗ್ರಿಮೆಂಟಿನಲ್ಲೇ ಬರೆಸಿ.