ಹಳೆಯ ಕಟ್ಟಡದ ನವೀಕರಣಕ್ಕೂ ಇಂಧನ ಸಂಹಿತೆ ಅನ್ವಯಿಸುತ್ತದೆಯೇ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಎರಡು ಅಂತಸ್ತಿನ ಕಟ್ಟಡವಿದೆ. ಕೆಳಗೆ ಕಾಫಿ ಗೋದಾಮು, ಮೇಲೆ ಮಂಗಳೂರು ಹೆಂಚಿನ ಮಾಡಿನ ಮನೆ. ಇದನ್ನು 20 ಕೋಣೆಗಳ ವಸತಿಗೃಹವಾಗಿ ಮಾರ್ಪಡಿಸಿ, ಹೆಂಚು ಇಳಿಸಿ ಆರ್‌ಸಿಸಿ ತಾರಸಿ ಹಾಕಿಸಿ, ರಸ್ತೆಯಿರುವ ಉತ್ತರ ದಿಕ್ಕಿಗೆ ಪೂರ್ತಿ ಗಾಜು ಕೂರಿಸುವ ಯೋಚನೆಯಿದೆ. ಇಂಧನ ಸಂಹಿತೆ ಹೊಸ ಕಟ್ಟಡಗಳಿಗೆ ಮಾತ್ರ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಮಗೂ ಅನ್ವಯಿಸಬಹುದು ಎಂದು ನಕ್ಷೆ ಮಾಡುತ್ತಿರುವ ಎಂಜಿನಿಯರ್ ಎನ್ನುತ್ತಾರೆ. ಎರಡು ಮೀಟರ್ ಹಾಕಿಸಿಕೊಂಡರೆ ಈ ತೊಡಕೇ ಇರುವುದಿಲ್ಲವೆಂಬ ಸಲಹೆಯೂ ಬಂದಿದೆ. ಏನು ಮಾಡಬೇಕು?
— ಓದುಗರು, ಚಿಕ್ಕಮಗಳೂರು

ಉತ್ತರ: ನಿಮ್ಮ ಎಂಜಿನಿಯರ್ ಹೇಳಿದ್ದೇ ಸರಿ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2007ರಲ್ಲಿ ಮೊದಲು ಬಂದು 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು, 100 ಕಿಲೋವ್ಯಾಟ್ ಅಥವಾ ಹೆಚ್ಚಿನ ಸಂಪರ್ಕಿತ ಲೋಡ್ (ಕಟ್ಟಡದ ಎಲ್ಲ ವಿದ್ಯುತ್ ಉಪಕರಣಗಳ ಒಟ್ಟು ಸಾಮರ್ಥ್ಯ), ಇಲ್ಲವೇ 120 ಕೆವಿಎ ಅಥವಾ ಹೆಚ್ಚಿನ ಒಪ್ಪಂದದ ಬೇಡಿಕೆ (ವಿದ್ಯುತ್ ಕಂಪನಿಯೊಡನೆ ಒಪ್ಪಿಕೊಂಡ ಗರಿಷ್ಠ ಬಳಕೆ) ಇರುವ ವಾಣಿಜ್ಯ ಕಟ್ಟಡಗಳಿಗೆ ಸಂಬಂಧಿಸಿದ್ದು. ಹೊಸ ನಿರ್ಮಾಣದ ಜೊತೆಗೆ ಹಳೆಯ ಕಟ್ಟಡದ ವಿಸ್ತರಣೆ ಮತ್ತು ಮಾರ್ಪಾಡುಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಮಾರ್ಪಾಡಿನ ವಿಷಯದಲ್ಲಿ ನೀವು ಕೈಹಾಕಿದ ಭಾಗ ಮಾತ್ರ ಸಂಹಿತೆಗೆ ಒಳಪಡಬೇಕೇ ಹೊರತು, ಮುಟ್ಟದೆ ಬಿಟ್ಟ ಗೋಡೆ, ಮಾಡುಗಳನ್ನೆಲ್ಲ ಕಿತ್ತು ಕಟ್ಟಬೇಕೆಂದು ಅದು ಕೇಳುವುದಿಲ್ಲ.

ಆದ್ದರಿಂದ ಒಂದು ಹೆಂಚನ್ನೂ ಇಳಿಸುವ ಮೊದಲು ಲೋಡಿನ ಲೆಕ್ಕ ಹಾಕಿ. 20 ಕೋಣೆಗಳಿಗೆ 2 ಕಿಲೋವ್ಯಾಟಿನ ಗೀಸರ್ ಒಂದೊಂದು ಎಂದರೆ 40 ಕಿಲೋವ್ಯಾಟ್. ಪ್ರತಿ ಕೋಣೆಗೂ ಒಂದೂವರೆ ಟನ್ನಿನ ಏಸಿ ಹಾಕಿ, ಒಂದಕ್ಕೆ ಸುಮಾರು 1.7 ಕಿಲೋವ್ಯಾಟ್ ಹಿಡಿದರೆ ಇನ್ನು 34. ಅಲ್ಲಿಗೇ 74 ಆಯಿತು. ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರಗಳು, ಲಿಫ್ಟ್, ನೀರಿನ ಪಂಪು, ದೀಪಗಳಿಗೆ ಉಳಿಯುವುದು 26 ಮಾತ್ರ, ಮತ್ತು ಅದು ಬಹಳ ಬೇಗ ತುಂಬಿಹೋಗುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ನಿಮ್ಮ ಊರಿನಲ್ಲಿ, ಗಾಳಿಯಾಡುವ ಹೆಂಚಿನ ಮನೆಯ ಪ್ರತಿ ಕೋಣೆಗೂ ಏಸಿ ಬೇಕೇ ಎಂದು ಒಮ್ಮೆ ಯೋಚಿಸಿ ನೋಡಿ.

ಎರಡು ಮೀಟರಿನ ಸಲಹೆಯನ್ನು ದಯವಿಟ್ಟು ಕೈಬಿಡಿ. ಲೋಡನ್ನು ಎರಡು ಮೀಟರಿಗೆ ಹಂಚಿದ ಮಾತ್ರಕ್ಕೆ ಒಂದು ಕಟ್ಟಡ ಎರಡಾಗುವುದಿಲ್ಲ. ನಾಳೆ ಮೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಲು ಹೋದಾಗ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ, ಆ ಹೊತ್ತಿಗೆ ತಾರಸಿಯೂ ಗಾಜೂ ಕೂತುಬಿಟ್ಟಿರುತ್ತವೆ.

ಈಗ ಮಾಡಿನ ವಿಷಯ. ನಿಮ್ಮ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ಇದೇ. ಹೆಂಚಿನ ಮಾಡನ್ನು ಹಾಗೆಯೇ ಉಳಿಸಿಕೊಂಡರೆ ಆ ಭಾಗಕ್ಕೆ ಹೊಸ ನಿಯಮ ತಗಲುವುದಿಲ್ಲ. ಅದನ್ನು ತೆಗೆದು ಸಮತಟ್ಟು ತಾರಸಿ ಹಾಕಿದಿರೋ, ಬರೀ ಸ್ಲ್ಯಾಬ್ ಸಾಲದು, ಶಾಖ ತಡೆಯುವ ಪದರ ಬೇಕು; ಜೊತೆಗೆ 20 ಡಿಗ್ರಿಗಿಂತ ಕಡಿಮೆ ಇಳಿಜಾರಿನ ಮಾಡಿನ ಮೇಲ್ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಕನಿಷ್ಠ 0.60 ಭಾಗವನ್ನು ಪ್ರತಿಫಲಿಸಬೇಕೆಂದು 2017ರ ಸಂಹಿತೆ ಹೇಳುತ್ತದೆ. ಬಿಳಿ ಬಣ್ಣ ಬಳಿದರೆ ಆ ಮಟ್ಟ ಸಿಗುತ್ತದೆ ನಿಜ, ಆದರೆ ಮಲೆನಾಡಿನ ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಪಾಚಿ ಕಟ್ಟಿ ಕಪ್ಪಾಗುತ್ತದೆ, ವರ್ಷವರ್ಷವೂ ಉಜ್ಜಿ ತೊಳೆಸಬೇಕಾಗುತ್ತದೆ. ಮರದ ತೊಲೆ, ರೀಪುಗಳು ಗಟ್ಟಿಯಾಗಿದ್ದರೆ ಒಡೆದ ಹೆಂಚು ಬದಲಿಸಿ, ಕೆಳಗೆ ಗಾಳಿಗೆ ಜಾಗ ಬಿಟ್ಟು ಮುಚ್ಚಿಗೆ ಮಾಡಿಸಿಕೊಳ್ಳಿ.

ಉತ್ತರದ ಕಡೆಗೆ ಬಿಸಿಲು ಬೀಳುವುದಿಲ್ಲ ಎಂಬ ನಂಬಿಕೆಯಿಂದ ಅಲ್ಲಿ ಗಾಜು ಹಾಕಲು ಹೊರಟಿರಬಹುದು. ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹಾಗಾಗಿಯೇ 15 ಡಿಗ್ರಿಗಿಂತ ದಕ್ಷಿಣದ ಊರುಗಳಲ್ಲಿ ಉತ್ತರದ ಗಾಜಿಗೆ ಸಂಹಿತೆ ರಿಯಾಯಿತಿ ಕೊಟ್ಟಿಲ್ಲ: ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಬರುವ ಪಾಲು 0.27ನ್ನು ಮೀರಬಾರದು. ಪ್ರತಿ ಭಾಗಕ್ಕೂ ಸಂಹಿತೆ ಕೊಟ್ಟ ನಿಗದಿತ ಮಾನಗಳನ್ನೇ ಪಾಲಿಸುವ ದಾರಿಯಲ್ಲಿ ಹೋಗುವವರಿಗೆ ಗಾಜಿನ ಪಾಲು ಹೊರಗೋಡೆಯ ಶೇ. 40ರೊಳಗೂ ಇರಬೇಕು. ಹಳೆಯ ಚೌಕಟ್ಟಿನಲ್ಲೇ ಗಾಜು ಮಾತ್ರ ಬದಲಿಸುವವರಿಗೆ, ಹೊಸ ಗಾಜು ಹಳೆಯದಕ್ಕಿಂತ ಹೆಚ್ಚು ಶಾಖ ಬಿಡದಿದ್ದರೆ, ವಿನಾಯಿತಿ ಉಂಟು. ದೀಪಗಳಿಗೂ ಇಂಥದೇ ವಿನಾಯಿತಿ ಇದೆ: ಒಂದು ಕೋಣೆಯ ಅರ್ಧಕ್ಕಿಂತ ಕಡಿಮೆ ದೀಪಗಳನ್ನು ಬದಲಿಸಿ, ಒಟ್ಟು ಲೋಡ್ ಹೆಚ್ಚಾಗದಿದ್ದರೆ ಸಾಕು.

ವಸತಿಗೃಹಗಳ ಬಿಸಿನೀರಿನ ಸಾಮರ್ಥ್ಯದಲ್ಲಿ ಕನಿಷ್ಠ ಶೇ. 20 ಸೌರಶಕ್ತಿಯಿಂದ ಬರಬೇಕು. ಮಳೆಗಾಲಕ್ಕೆ ಅದರ ಜೊತೆಗೆ ಹೀಟ್ ಪಂಪ್ (ಸುತ್ತಲ ಗಾಳಿಯ ಶಾಖ ಹೀರಿ ನೀರು ಕಾಯಿಸುವ ಯಂತ್ರ) ಇಟ್ಟುಕೊಂಡರೆ, ಮೇಲೆ ಹೇಳಿದ 40 ಕಿಲೋವ್ಯಾಟಿನ ಗೀಸರುಗಳ ಬಹುಪಾಲು ಉಳಿಯುತ್ತದೆ. ಅರ್ಜಿ ಸಲ್ಲಿಸುವ ದಿನ ರಾಜ್ಯದಲ್ಲಿ ಯಾವ ಆವೃತ್ತಿ ಜಾರಿಯಲ್ಲಿದೆಯೆಂದು ನಗರಸಭೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಗಾಜು, ನಿರೋಧಕ, ಏಸಿಗಳ ತಾಂತ್ರಿಕ ಪತ್ರಗಳನ್ನು ಕೊಳ್ಳುವಾಗಲೇ ಪಡೆದಿಡಿ; ಕೆಲಸ ಮುಗಿದ ಮೇಲೆ ಗೋಡೆಯೊಳಗೆ ಏನಿದೆಯೆಂದು ತೋರಿಸಲು ಬೇರೆ ದಾರಿಯಿರುವುದಿಲ್ಲ.

ಪ್ರಶ್ನೆ: ಹಾಸನದಲ್ಲಿ 30×40 ಅಡಿ ನಿವೇಶನದ ಮನೆಯ ಮೇಲೆ ಮಗನಿಗಾಗಿ ಒಂದು ಅಂತಸ್ತು ಕಟ್ಟಿಸುತ್ತಿದ್ದೇನೆ. ನನಗೂ ಇಂಥ ಸಂಹಿತೆ ಇದೆಯೇ?
— ಓದುಗರು, ಹಾಸನ

ಉತ್ತರ: ವಾಸದ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆಯು 500 ಚದರ ಮೀಟರ್ ಅಥವಾ ಹೆಚ್ಚಿನ ನಿವೇಶನಗಳನ್ನು ಗಮನದಲ್ಲಿಟ್ಟದ್ದು, ನಿಮ್ಮದು ಅದರ ಕಾಲು ಭಾಗವೂ ಇಲ್ಲ. ಆದರೆ ನಗರ ಮಿತಿಯೊಳಗೆ 1,200 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದಲ್ಲಿ 600 ಚದರ ಅಡಿ ಅಥವಾ ಹೆಚ್ಚು ಕಟ್ಟಿದ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂದು ಕರ್ನಾಟಕ ಸರ್ಕಾರ 2007ರಲ್ಲೇ ಆದೇಶಿಸಿದೆ. ನಿಮ್ಮ ನಿವೇಶನ ಸರಿಯಾಗಿ 1,200 ಅಡಿ. ಮಗನ ಮನೆಗೆ ಬೇರೆ ಮೀಟರ್ ಕೇಳುವ ಮೊದಲು ಸೆಸ್ಕ್ ಉಪವಿಭಾಗದಲ್ಲಿ ವಿಚಾರಿಸಿ, ತಾರಸಿಯಲ್ಲಿ ದಕ್ಷಿಣಕ್ಕೆ ಮುಖಮಾಡುವಂತೆ ನೆರಳಿಲ್ಲದ ಜಾಗ ಬಿಡಿಸಿ, ಬಿಸಿನೀರಿನ ಪೈಪನ್ನು ಪ್ಲಾಸ್ಟರ್ ಆಗುವ ಮೊದಲೇ ನಿರೋಧಕ ಸುತ್ತಿ ಇಳಿಸಿಕೊಳ್ಳಿ.