ಹರಿದ ಕಾರು ಸೀಟಿಗೆ ಕಡಿಮೆ ಖರ್ಚಿನ ದುರಸ್ತಿ

ಪ್ರಶ್ನೆ: ನನ್ನ ಹಳೆಯ ಕಾರಿನಲ್ಲಿ ಚಾಲಕನ ಸೀಟಿನ ಚರ್ಮವು ಕೂರುವ ಭಾಗದ ಅಂಚಿನಲ್ಲಿ ಸುಮಾರು 3 ಅಂಗುಲ ಹರಿದಿದೆ. ಪೂರ್ತಿ ಹೊದಿಕೆ ಬದಲಿಸುವಷ್ಟು ಹಣವಿಲ್ಲ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಖಂಡಿತ ಇದೆ. ಹರಿದಿರುವುದು ಹೊಲಿಗೆಯೋ ಚರ್ಮವೋ ಎಂಬುದನ್ನು ಮೊದಲು ಗಮನಿಸಿ. ಹೊಲಿಗೆ ಮಾತ್ರ ಬಿಚ್ಚಿದ್ದರೆ, ಕುಶನ್ ಕೆಲಸದವರು ಹಳೆಯ ರಂಧ್ರಗಳಲ್ಲೇ ನೈಲಾನ್ ದಾರ ಹಾಯಿಸಿ ಹೊಲಿದುಕೊಡುತ್ತಾರೆ. ಹತ್ತಿಯ ದಾರ ಬೇಡವೆಂದು ಹೇಳಿ, ಅದು ಬೆವರಿಗೆ ಬೇಗ ಕೊಳೆಯುತ್ತದೆ.

ಚರ್ಮವೇ ಹರಿದಿದ್ದರೆ ಮೇಲಿನಿಂದ ಹೊಲಿಸಬೇಡಿ, ಏಕೆಂದರೆ ಸೂಜಿ ತೂತುಗಳ ಸಾಲಿನಲ್ಲಿ ಅದು ಮತ್ತೆ ಸೀಳುತ್ತದೆ. ಜಾಗವನ್ನು ಒರೆಸಿ ಒಣಗಿಸಿ, ಹರಿದದ್ದಕ್ಕಿಂತ ಸುತ್ತಲೂ ಒಂದು ಅಂಗುಲ ದೊಡ್ಡದಾದ ಗಟ್ಟಿ ಬಟ್ಟೆಯ ತುಂಡನ್ನು ಒಳಗೆ ತೂರಿಸಿ, ಒಣಗಿದ ಮೇಲೂ ಬಾಗುವಂಥ ಅಂಟಿನಿಂದ ಚರ್ಮದ ಹಿಂಬದಿಗೆ ಅಂಟಿಸಿ, ಅಂಚುಗಳನ್ನು ಕೂಡಿಸಿ ರಾತ್ರಿಯಿಡೀ ಭಾರ ಹೇರಿಡಿ. ಕ್ಷಣದಲ್ಲಿ ಹಿಡಿಯುವ ಅಂಟು ಗಡುಸಾಗಿ ಬಿರಿಯುವುದರಿಂದ ಅದನ್ನು ದಯವಿಟ್ಟು ಮುಟ್ಟಬೇಡಿ. ಉಳಿದ ಗೀರಿಗೆ ಚರ್ಮದ ಫಿಲ್ಲರ್ (ಬಿರುಕು ಮುಚ್ಚುವ ಲೇಪ) ತುಂಬಿ, ಒಣಗಿದ ಬಳಿಕ ನಯವಾಗಿ ಉಜ್ಜಿ ಬಣ್ಣ ಹಚ್ಚಿದರಾಯಿತು. ಬಣ್ಣವನ್ನು ಮರೆಯಾದ ಮೂಲೆಯಲ್ಲಿ ಪರೀಕ್ಷಿಸಿ ನೋಡಿ.

ಒರಗುವ ಭಾಗದ ಪಕ್ಕದಲ್ಲಿ ಏರ್‌ಬ್ಯಾಗ್ ಗುರುತಿದ್ದರೆ ಅಲ್ಲಿ ಅಂಟನ್ನಾಗಲಿ ಹೊಲಿಗೆಯನ್ನಾಗಲಿ ಹಾಕಬಾರದು. ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ಹೊರಬರಲು ಅಲ್ಲಿನ ಮೂಲ ಹೊಲಿಗೆ ಬಿಚ್ಚಿಕೊಳ್ಳಲೇಬೇಕು. ನಮ್ಮ ಭಾಗದ ಏಪ್ರಿಲ್, ಮೇ ಬಿಸಿಲಿಗೆ ಚರ್ಮ ಒಣಗಿ ಬಿರಿಯುವುದೇ ಹೆಚ್ಚಾದ್ದರಿಂದ, ಕಾರನ್ನು ಆದಷ್ಟು ನೆರಳಿನಲ್ಲಿ ನಿಲ್ಲಿಸಿ.