ಚೆಂಡು ಕಿತ್ತುಕೊಳ್ಳಬೇಡಿ ಮೇಷ್ಟ್ರೇ

ಹೂವಿನಹಡಗಲಿ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರೂರಿನ ಯುವಕರು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಸೇರಿಸಿ ಕಬಡ್ಡಿ, ವಾಲಿಬಾಲ್ ಆಡಿಸುತ್ತಾರಂತೆ. ಆಟ ಮುಗಿದ ಮೇಲೆ ಅರ್ಧ ಗಂಟೆ ಓದು, ಬರಹ. ಬರುವವರಲ್ಲಿ ಹೆಚ್ಚಿನವರು ಶಾಲೆಗೆ ಚಕ್ಕರ್ ಹೊಡೆಯುವವರು, ಅಪ್ಪ ಅಮ್ಮ ಗುಳೆ ಹೋದಾಗ ಅಜ್ಜಿಯ ಬಳಿ ಉಳಿಯುವವರು. ಆ ಯುವಕರ ಬಗ್ಗೆ ನಾವು ನಾಲ್ಕು ಒಳ್ಳೆಯ ಮಾತು ಬರೆದದ್ದೇ ತಪ್ಪಾಗಿದೆ. “ಏಳನೇ ಕ್ಲಾಸಿನ ಹುಡುಗನಿಗೆ ಒತ್ತಕ್ಷರ ಬರುವುದಿಲ್ಲ. ಅವನ ಕೈಗೆ ಚೆಂಡು ಕೊಡುತ್ತೀರಲ್ಲ! ಮೊದಲು ಓದು ಕಲಿಯಲಿ, ಆಮೇಲೆ ಬೇಕಾದರೆ ಆಡಲಿ” ಎಂಬುದು ಮೇಷ್ಟ್ರ ಸಿಟ್ಟು.

ಕಬಡ್ಡಿ ಆಡಿದ ಮಾತ್ರಕ್ಕೆ ಕಾಗುಣಿತ ಬರುವುದಿಲ್ಲ, ಅದಕ್ಕೆ ಬಲ್ಲವರೇ ಪಕ್ಕದಲ್ಲಿ ಕೂತು ತಿದ್ದಬೇಕು. ಒಪ್ಪಿದೆ. ನಿಮಗೆ ಸಲ್ಲಬೇಕಾದದ್ದು ಇಲ್ಲಿಗೆ ಸಂದಿತು ಮೇಷ್ಟ್ರೇ, ಇನ್ನು ನನ್ನ ಸರದಿ.

“ಮೊದಲು ಓದು, ಆಮೇಲೆ ಆಟ” ಎಂದರೆ ಏನಾಗುತ್ತದೆ ನೋಡಿ. ಓದು ಬಂದವನಿಗೆ ಆಟ ಬಹುಮಾನ, ಬಾರದವನಿಗೆ ಅದೂ ಇಲ್ಲ. ಯಾವ ಹುಡುಗ ಶಾಲೆಯ ಗೇಟಿನವರೆಗಾದರೂ ಬರಲು ಆಟವೊಂದೇ ಕಾರಣವೋ, ಅವನಿಂದಲೇ ಅದನ್ನು ಕಿತ್ತುಕೊಂಡಂತಾಯಿತು. ನಿಮ್ಮ ‘ಮೊದಲು ಓದು’ ಪ್ರಯೋಗವನ್ನು ಅವನ ಮೇಲೆ ಏಳು ವರ್ಷ ಮಾಡಿ ಆಗಿದೆಯಲ್ಲ?

ಅಮೆರಿಕದ ವಾಷಿಂಗ್ಟನ್ ಡಿಸಿ ನಗರದಲ್ಲಿ ಜೂಲಿ ಕೆನಡಿ ಎಂಬ ಶಾಲಾ ಶಿಕ್ಷಕಿ ಇದ್ದರು. ಸಂಜೆಯಾದರೆ ತನ್ನ ವಿದ್ಯಾರ್ಥಿನಿಯರಿಗೆ ಹೋಗಲು ಜಾಗವಿಲ್ಲ, ಮಾಡಲು ಕೆಲಸವಿಲ್ಲ ಎಂಬುದನ್ನು ಕಂಡು 1994ರಲ್ಲಿ ಅವರಿಗೆ ಫುಟ್‌ಬಾಲ್ ಆಡಿಸತೊಡಗಿದರು. ಮಳೆ, ಚಳಿ ಎಂದು ಮೈದಾನಕ್ಕೆ ಇಳಿಯಲಾಗದ ದಿನ ಮನೆಗೆ ಕಳಿಸಲಿಲ್ಲ; ಕೋಣೆಗೆ ಕರೆದು ಕವನ ಬರೆಸಿದರು. ಹುಡುಗರು ಸುಮ್ಮನಿದ್ದಾರೆಯೇ? ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಬಂದರು. ಅದೇ ಮುಂದೆ ‘ಡಿಸಿ ಸ್ಕೋರ್ಸ್’ ಆಯಿತು, ‘ಅಮೆರಿಕ ಸ್ಕೋರ್ಸ್’ ಎಂದು ಬೇರೆ ನಗರಗಳಿಗೂ ಹಬ್ಬಿತು. ನನಗೆ ಹಿಡಿಸಿದ್ದು ಇಷ್ಟು: ಚೆಂಡಿಗೊಂದು ತಂಡ, ಕವನಕ್ಕೆ ಇನ್ನೊಂದು ಅಂತಿಲ್ಲ. ಗೋಲು ಹೊಡೆದವಳೇ ವೇದಿಕೆ ಹತ್ತಿ, ಬೇರೆ ಶಾಲೆಗಳ ಮಕ್ಕಳ ಎದುರು ತಾನು ಬರೆದದ್ದನ್ನು ಓದುತ್ತಾಳೆ. ಗೆಳತಿಯರ ಮುಂದೆ ಬಿದ್ದು ಎದ್ದು ಅಭ್ಯಾಸವಾದವಳಿಗೆ ತಪ್ಪು ಓದಿದರೆ ಯಾರು ನಕ್ಕಾರು ಎಂಬ ಅಂಜಿಕೆ ಅಷ್ಟಿರುವುದಿಲ್ಲ.

ಅಷ್ಟು ದೂರ ಬೇಡವೆಂದರೆ ರಾಂಚಿ ಹತ್ತಿರದ ಓರ್ಮಾಂಝಿ ಇದೆ. ಅಲ್ಲಿ ‘ಯುವಾ’ ಸಂಸ್ಥೆ 2009ರಿಂದ ಹಳ್ಳಿ ಹುಡುಗಿಯರಿಗೆ ಫುಟ್‌ಬಾಲ್ ಆಡಿಸುತ್ತಿದೆ. ಪಾಸ್‌ಪೋರ್ಟಿಗೆಂದು ಜನನ ಪ್ರಮಾಣಪತ್ರ ಕೇಳಲು ಪಂಚಾಯ್ತಿಗೆ ಹೋದವರ ಕೈಗೆ ಪೊರಕೆ ಕೊಟ್ಟು ಕಸ ಗುಡಿಸಿಸಿದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅದೇ ಹುಡುಗಿಯರು 2013ರಲ್ಲಿ ಸ್ಪೇನಿನ ಟೂರ್ನಿಯಲ್ಲಿ ಮೂರನೇ ಸ್ಥಾನ ಪಡೆದರು. ಚೆಂಡಿನಿಂದ ಶುರುವಾದ ಸಂಸ್ಥೆ 2015ರಲ್ಲಿ ಶಾಲೆಯನ್ನೇ ತೆರೆಯಿತು. ಮೊದಲು ಏನು, ಆಮೇಲೆ ಏನು ಬಂತು, ನೀವೇ ನೋಡಿ.

ನಮ್ಮಲ್ಲಿ ಮಾತ್ರ ಆಟ ಬೇರೆ, ಪದ ಬೇರೆ ಯಾವಾಗ ಆಯಿತೋ! ‘ಕಣ್ಣಾಮುಚ್ಚೆ ಕಾಡೇಗೂಡೆ’ ಅನ್ನದೆ ಕಣ್ಣು ಮುಚ್ಚಿದವರುಂಟೆ?

ಈಚೆಗೆ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ದಿನಪತ್ರಿಕೆ ತಿರುವಿದೆ. ಸಂಪಾದಕೀಯದ ಪುಟ ಗರಿಗರಿಯಾಗಿತ್ತು, ಕ್ರೀಡಾ ಪುಟ ಹರಿದು ಚಿಂದಿ. (ನಮ್ಮ ಕಸುಬಿನವರಿಗೆ ಇದು ಸಂತೋಷದ ಸುದ್ದಿಯಲ್ಲ.) ಪಕ್ಕದಲ್ಲಿ ಒಬ್ಬ ಹುಡುಗ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದ. ‘ರಾಷ್ಟ್ರೀಯ’ ಎಂಬಲ್ಲಿ ಸಿಕ್ಕಿಬಿದ್ದ. ‘ಪ್ರದೀಪ್ ನರ್ವಾಲ್’ ಎಂಬ ಕಬಡ್ಡಿ ಆಟಗಾರನ ಹೆಸರನ್ನು ಸಲೀಸಾಗಿ ದಾಟಿದ. ಹೆಸರು ಗೊತ್ತಿತ್ತು, ಊಹಿಸಿದ ಎನ್ನುತ್ತೀರಿ. ಹೌದು, ಗೊತ್ತಿರುವುದರ ಕೈ ಹಿಡಿದೇ ಅಲ್ಲವೇ ಯಾರೂ ಓದಲು ಕಲಿಯುವುದು?

ಇಷ್ಟಕ್ಕೂ ಇದು ಯಾರೋ ಯುವಕರು ಕೈಯಿಂದ ಖರ್ಚು ಹಾಕಿ ಮಾಡಬೇಕಾದ ಕೆಲಸವೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ, ಪುಸ್ತಕ ಪತ್ರಿಕೆಗಳಿರುವ ಗ್ರಂಥಾಲಯ ಇರಬೇಕೆಂದು ಒಂದೇ ಪಟ್ಟಿಯಲ್ಲಿ ಬರೆದಿದೆ. ಕಾನೂನಿಗೆ ಹೊಳೆದದ್ದು ನಮಗೆ ಹೊಳೆಯುವುದಿಲ್ಲ. ಗೇಮ್ಸ್ ಪೀರಿಯಡ್ಡನ್ನು ಗಣಿತದವರು ಕೇಳಿ ಪಡೆಯುತ್ತಾರೆ, ಪಿ.ಟಿ. ಮೇಷ್ಟ್ರು ಚುನಾವಣೆ, ಗಣತಿ ಎಂದು ಅಲೆಯುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯಕ್ಕೆ ಸಂಜೆಯೆಲ್ಲ ಸ್ಪೆಷಲ್ ಕ್ಲಾಸು. ಬೆಲ್ ಹೊಡೆದ ಹತ್ತು ನಿಮಿಷಕ್ಕೆ ಗೇಟಿಗೆ ಬೀಗ. ಮದುವೆಯ ಪೆಂಡಾಲಿಗೆ, ರಾಜಕೀಯ ಸಭೆಗೆ ಮಾತ್ರ ಆ ಬೀಗ ತಾನಾಗಿ ತೆರೆದುಕೊಳ್ಳುತ್ತದೆ! ಪೇಟೆಯಲ್ಲಂತೂ ಚೆಂಡು ಒದೆಯಲು ಟರ್ಫಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು, ಒಳ್ಳೆಯ ಕೆಲಸ. ಆದರೆ ಗ್ರಂಥಾಲಯ ಒಂದು ಇಲಾಖೆ, ಶಾಲೆ ಇನ್ನೊಂದು, ಕ್ರೀಡೆ ಮತ್ತೊಂದು. ಹುಡುಗ ಮಾತ್ರ ಒಬ್ಬನೇ.

ಪತ್ರದ ಕೊನೆಗೆ, ಆ ಯುವಕರಿಗೆ ಕಲಿಸುವ ಕ್ರಮ ಗೊತ್ತಿಲ್ಲ ಎಂದಿದ್ದೀರಿ. ನಿಮಗೆ ಗೊತ್ತಿದೆಯಲ್ಲ! ಸಂಜೆಯ ಆ ಅರ್ಧ ಗಂಟೆಯನ್ನು ನೀವೇ ವಹಿಸಿಕೊಳ್ಳಿ. ನಿಮ್ಮ ಇಷ್ಟು ದುಂಡಗಿನ ಅಕ್ಷರ ಕಂಡರೆ ಮಕ್ಕಳೂ ತಿದ್ದಿಯಾರು. ಮುಂದಿನ ಕಬಡ್ಡಿ ಪಂದ್ಯದ ವರದಿಯನ್ನು ಅವರಿಂದಲೇ ಬರೆಸಿ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಒತ್ತಕ್ಷರ ತಪ್ಪಿದ್ದರೂ ತಿದ್ದಬೇಡಿ, ಅದಕ್ಕೆಂದೇ ಇಲ್ಲಿ ಸಂಬಳ ತೆಗೆದುಕೊಳ್ಳುವವರಿದ್ದಾರೆ.

– ಸಂ.